79ರ ಅಮ್ಮನಿಗೆ ಊರಾಚೆಯ ಸೀನಿಯರ್ ಲಿವಿಂಗ್ ಒಳ್ಳೆಯದಾ, ಜಯನಗರದ ಚಿಕ್ಕ ಹೋಮ್ ಒಳ್ಳೆಯದಾ?

ನಿಮ್ಮ ಪ್ರಶ್ನೆ ಓದಿದೆ. ತಾಯಿಗೆ 79, ಬೆಂಗಳೂರಿನ ಹನುಮಂತನಗರದ ಮನೆಯಲ್ಲಿ ಒಬ್ಬರೇ ಇದ್ದಾರೆ, ಕಳೆದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದರು. ನೀವು ಪುಣೆಯಲ್ಲಿ, ತಮ್ಮ ವೈಟ್‌ಫೀಲ್ಡ್‌ನಲ್ಲಿ. ದೇವನಹಳ್ಳಿ ಕಡೆ ಕ್ಲಬ್‌ಹೌಸ್, ವಾಕಿಂಗ್ ಟ್ರ್ಯಾಕ್ ಎಲ್ಲ ಇರುವ ದೊಡ್ಡ ಕಾಂಪ್ಲೆಕ್ಸ್ ಒಂದು ನೋಡಿದ್ದೀರಿ; ಜಯನಗರದಲ್ಲಿ ಹಳೇ ಮನೆಯನ್ನೇ ಮಾರ್ಪಡಿಸಿ ಹದಿನೆಂಟು ಜನರನ್ನು ಇಟ್ಟುಕೊಂಡಿರುವ ಹೋಮ್ ಇನ್ನೊಂದು. ಯಾವುದು ಅಂತ ಕೇಳಿದ್ದೀರಿ.

ನಾನಾದರೆ ಜಯನಗರ ಅನ್ನುತ್ತೇನೆ. ಆದರೆ ಆ ಹೋಮಿಗೆ ರಾತ್ರಿ ಒಂಬತ್ತಕ್ಕೆ ಒಂದು ಸಲ ಹೋಗಿ ನೋಡಿದ ಮೇಲೆ. ಯಾಕೆ ಅಂತ ಹೇಳಬೇಕಾದರೆ ನಾನು ಮಾಡಿದ ತಪ್ಪನ್ನೇ ಹೇಳಬೇಕು.

ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಅಂತಲೇ ಕರೆಯುವುದು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅಮ್ಮ ಹೋದ ಮೇಲೆ ತ್ಯಾಗರಾಜನಗರದ ಮನೆಯಲ್ಲಿ ಮೂರು ವರ್ಷ ಒಬ್ಬರೇ ಇದ್ದರು. ಒಂದು ದಿನ ಗ್ಯಾಸ್ ಹಚ್ಚಿಟ್ಟು ಮಲಗಿಬಿಟ್ಟರು. ಹಾಲು ಉಕ್ಕಿ, ಪಾತ್ರೆ ಸುಟ್ಟು, ಪಕ್ಕದ ಮನೆಯವರು ಬಾಗಿಲು ಬಡಿದ ಮೇಲೆ ಎದ್ದದ್ದು. ನಾನು ಹೆದರಿ ಒಂದೇ ವಾರದಲ್ಲಿ ಕನಕಪುರ ರಸ್ತೆಯಾಚೆ ಒಂದು ಜಾಗ ಗೊತ್ತುಮಾಡಿದೆ. ಹೊಂಗೆ ಮರ, ಕಲ್ಲುಬೆಂಚು, ಗ್ರಂಥಾಲಯ, ಯೋಗದ ಹಾಲ್. ನೋಡಿದವರೆಲ್ಲ, 'ಇಲ್ಲಿಗೆ ನಾವೇ ಬಂದುಬಿಡಬಹುದು' ಅಂದರು. ಮಕ್ಕಳಿಗೆ ಇಷ್ಟವಾಗುವ ಹಾಗೆ ಕಟ್ಟಿರುತ್ತಾರೆ, ಚೆಕ್ಕಿಗೆ ಸಹಿ ಹಾಕುವವರು ಮಕ್ಕಳೇ ತಾನೆ.

ಮೊದಲ ಭಾನುವಾರ ಆರು ಜನ ಹೋದೆವು. ಆಮೇಲೆ ಭಾನುವಾರ ಬಿಟ್ಟು ಭಾನುವಾರ ಆಯಿತು. ಆಮೇಲೆ ಮಳೆ, ಮದುವೆ, ಮಗನ ಪರೀಕ್ಷೆ. ಮೆಟ್ರೋ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಇದೆ ನಿಜ, ಅಲ್ಲಿಂದಾಚೆ ಆಟೋದವರು 'ವಾಪಸ್ ಬಾಡಿಗೆ ಸಿಗಲ್ಲ ಸಾರ್' ಅಂತ ಒಂದೂವರೆಪಟ್ಟು ಕೇಳುತ್ತಾರೆ. ಅಣ್ಣನಿಗೆ ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಗೆಳೆಯರು ನಾಲ್ಕು ಜನ. ಸಂಜೆ ಐದಕ್ಕೆ ಅದೇ ಬೆಂಚು, ಅದೇ ರಾಜಕೀಯ, ಅದೇ ಜಗಳ. ಅವರಲ್ಲಿ ಒಬ್ಬರು ಒಂದು ಸಲ ಎರಡು ಬಸ್ ಬದಲಾಯಿಸಿ ಬಂದರು. ಹೋಗುವಾಗ, 'ಇನ್ನೊಂದು ಸಲ ನನ್ನ ಕೈಲಾಗಲ್ಲ ಕಣೋ' ಅಂದರಂತೆ.

ನಾಲ್ಕನೇ ತಿಂಗಳಲ್ಲಿ ಗೇಟಿನ ಹತ್ತಿರ ಸಹಿ ಹಾಕುವಾಗ ವಿಸಿಟರ್ಸ್ ಬುಕ್ಕಿನ ಹಿಂದಿನ ಹಾಳೆಗಳನ್ನು ಸುಮ್ಮನೆ ತಿರುವಿದೆ. ಅಣ್ಣನ ರೂಮ್ ನಂಬರಿನ ಮುಂದೆ ಇಪ್ಪತ್ತೇಳು ದಿನದಲ್ಲಿ ಮೂರು ಹೆಸರು. ಎರಡು ನನ್ನದು. ಇನ್ನೊಂದು ಕ್ಷೌರದವನದು.

ಅವತ್ತು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಾನು ತಲುಪಿದಾಗ ರಾತ್ರಿ ಒಂಬತ್ತೂಕಾಲು. ಹಗಲು ಎಂಟು ಜನ ಓಡಾಡುವ ಮಹಡಿಯಲ್ಲಿ ಒಬ್ಬನೇ ಹುಡುಗ, ಅವನೂ ಕೆಳಗಡೆ ಊಟಕ್ಕೆ ಹೋಗಿದ್ದ. ಅಣ್ಣನ ಮಂಚದ ಪಕ್ಕ ಕಾಲ್‌ಬೆಲ್ಲಿನ ವೈರ್ ಇರಬೇಕಿತ್ತು. ಅದನ್ನು ಸುತ್ತಿ ಸುತ್ತಿ ಕಿಟಕಿಯ ಸರಳಿಗೆ, ಕೈಗೆಟುಕದಷ್ಟು ಮೇಲೆ, ಗಂಟು ಹಾಕಿದ್ದರು. ಹುಡುಗ ಬಂದ ಮೇಲೆ ಕೇಳಿದೆ. 'ತಾತ ಪದೇ ಪದೇ ಒತ್ತುತ್ತಾರೆ ಸಾರ್, ಬೇರೆಯವರಿಗೆ ನಿದ್ದೆ ಕೆಡುತ್ತೆ' ಅಂದ. ಅವನನ್ನು ಬೈಯಲು ಬಾಯಿ ಬರಲಿಲ್ಲ. ಇಪ್ಪತ್ತೆರಡು ಜನಕ್ಕೆ ಅವನೊಬ್ಬನೇ. ಹಿಂದಿನ ದಿನ ಬೆಳಿಗ್ಗೆಯಿಂದ ಡಬಲ್ ಡ್ಯೂಟಿ ಬೇರೆ.

ಆಮೇಲೆ ಬಸವನಗುಡಿಯ ಒಂದು ಕ್ರಾಸಿನಲ್ಲಿ ಹದಿನಾಲ್ಕು ಜನರ ಹೋಮಿಗೆ ಸೇರಿಸಿದೆವು. ತೋಟ ಇಲ್ಲ. ಕಾಂಪೌಂಡಿನಲ್ಲಿ ಒಂದು ಪಾರಿಜಾತ, ಅಷ್ಟೇ. ಸೌತೆಕಾಯಿ ಮಾರುವವನ ಕೂಗು, ಬೈಕ್ ಹಾರನ್, ಎದುರು ಮನೆ ಮಗುವಿನ ಅಳು ಎಲ್ಲ ಒಳಗೇ ಕೇಳುತ್ತದೆ. ಆದರೆ ಗೆಳೆಯರು ನಡೆದೇ ಬರುತ್ತಾರೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯ ದಿನ ಮೂರು ಜನ ಬೇರೆ ಬೇರೆಯಾಗಿ ಮೂರು ಪೊಟ್ಟಣ ಕಡಲೆಕಾಯಿ ತಂದುಕೊಟ್ಟು ಹೋಗಿದ್ದರು. ನನಗೂ ಆಫೀಸಿನಿಂದ ಬರುತ್ತಾ ಹತ್ತು ನಿಮಿಷ ಇಳಿದು ಹೋಗಲು ಆಗುತ್ತದೆ. ಮುಖ್ಯ ಇದೇ: ಹೇಳದೆ ಕೇಳದೆ, ಯಾವ ಹೊತ್ತಿಗೆ ಬೇಕಾದರೂ ಯಾರಾದರೂ ಬರಬಹುದು ಅಂತ ಹೋಮಿನವರಿಗೆ ಗೊತ್ತಿದ್ದರೆ ಮುದುಕರ ಬೆಲ್ಲನ್ನು ಯಾರೂ ಕಿಟಕಿಗೆ ಕಟ್ಟುವುದಿಲ್ಲ. ನಿಮ್ಮ ತಾಯಿಗೆ ಹನುಮಂತನಗರದಲ್ಲಿ ಭಜನೆ ಮಂಡಳಿಯವರೋ, ಪಕ್ಕದ ಮನೆಯವರೋ, ಓರಗಿತ್ತಿಯೋ ಇದ್ದಾರಾ? ಅವರಿಗೆ ಜಯನಗರ ಎಷ್ಟು ದೂರ, ದೇವನಹಳ್ಳಿ ಎಷ್ಟು ದೂರ? ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ ಪುಕ್ಕಟೆ. ಜಯನಗರವಾದರೆ ಬರುತ್ತಾರೆ. ದೇವನಹಳ್ಳಿಗೆ ಪುಕ್ಕಟೆಯಾದರೂ ಬರುವುದಿಲ್ಲ. ನಿಮ್ಮ ತಮ್ಮನಿಗೂ ವೈಟ್‌ಫೀಲ್ಡಿನಿಂದ ಎರಡೂ ದೂರವೇ, ಹಾಗಾಗಿ ಅವರೊಬ್ಬರನ್ನೇ ನಂಬಿ ಜಾಗ ಆರಿಸಬೇಡಿ.

ಊರಾಚೆಯವನ್ನು ಪೂರ್ತಿ ತೆಗೆದುಹಾಕುತ್ತಿಲ್ಲ. ಗಂಡಹೆಂಡತಿ ಇಬ್ಬರೂ ಗಟ್ಟಿಯಾಗಿದ್ದು, ಕಾರು ಓಡಿಸುತ್ತಾ, ಅರವತ್ತೈದಕ್ಕೇ ಹೋಗಿ ಅಲ್ಲೇ ಹೊಸ ಗೆಳೆತನ ಮಾಡಿಕೊಂಡವರು ಚೆನ್ನಾಗಿಯೇ ಇದ್ದಾರೆ. 79ಕ್ಕೆ ಒಬ್ಬರೇ ಹೋದರೆ ಅದು ಬೇರೆ ಕಥೆ.

ಈಗ ಜಯನಗರದ ಹೋಮಿನ ವಿಷಯ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಫಿನಾಯಿಲ್ ವಾಸನೆ ಮತ್ತು ಮ್ಯಾನೇಜರ್ ನಗು, ಇವೆರಡು ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ರಾತ್ರಿ ಹೋಗಿ. ಖಾಲಿ ಮಂಚದ ಬೆಲ್ಲನ್ನು ನೀವೇ ಒತ್ತಿ, ಎಷ್ಟು ಹೊತ್ತಿಗೆ ಯಾರು ಬರುತ್ತಾರೆ ನೋಡಿ. ರಾತ್ರಿ ಪಾಳಿಯವರಿಗೆ ಕನ್ನಡ ಬರುತ್ತದಾ ಕೇಳಿ. ನಿಮ್ಮ ತಾಯಿಗೆ ಈಗ ಹಿಂದಿ ಬರಬಹುದು, ಆದರೆ ಮರೆವು ಶುರುವಾದರೆ ಎಷ್ಟೋ ಜನರಿಗೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುತ್ತವೆ, ತಾಯ್ನುಡಿಯೇ ಹೆಚ್ಚು ದಿನ ಉಳಿಯುವುದು. ರಾತ್ರಿ ಎರಡಕ್ಕೆ 'ಎದೆಯೆಲ್ಲ ಉರೀತಿದೆ' ಅಂದಾಗ ಅದು ಹುಳಿತೇಗಾ, ಹಾರ್ಟಾ ಅಂತ ಎದುರಿಗಿರುವವರಿಗೆ ಅರ್ಥವಾಗಬೇಕಲ್ಲ. ಮಲಗಿದ್ದಲ್ಲೇ ಇರುವವರು ಯಾರಾದರೂ ಇದ್ದರೆ ಅವರ ಉಗುರು ನೋಡಿ. ಕತ್ತರಿಸಿದ್ದರೆ ಯಾರೋ ಒಬ್ಬರು ಅವರ ಪಕ್ಕ ಹತ್ತು ನಿಮಿಷ ಕೂತಿದ್ದಾರೆ ಅಂತ ಅರ್ಥ. ನೀರಿನ ಲೋಟ ಕೈಗೆ ಸಿಗುವ ಹಾಗಿದೆಯಾ ನೋಡಿ. ಮಗ್ಗುಲು ಎಷ್ಟು ಗಂಟೆಗೊಮ್ಮೆ ಬದಲಾಯಿಸುತ್ತೀರಿ ಅಂತ ಕೇಳಿ. ಎರಡು ಗಂಟೆಗೊಮ್ಮೆ ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ಬರೆದಿಡುವ ಪುಸ್ತಕ ತೋರಿಸಿ ಅನ್ನಿ. ಬೆನ್ನುಹುಣ್ಣು ಆದಮೇಲೆ ಮಾಯುವುದು ಬಹಳ ಕಷ್ಟ.

ಮಾರ್ಪಡಿಸಿದ ಹಳೇ ಮನೆಗಳ ಒಂದು ದೊಡ್ಡ ದೋಷ ನಮಗೆ ಆಮೇಲೆ ಗೊತ್ತಾಯಿತು: ಲಿಫ್ಟ್. ಮೂರು ಜನ ನಿಲ್ಲುವಷ್ಟು ಇರುತ್ತದೆ, ಸ್ಟ್ರೆಚರ್ ಹಿಡಿಯುವುದಿಲ್ಲ. ಅಣ್ಣನಿಗೆ ನ್ಯುಮೋನಿಯಾ ಆದ ರಾತ್ರಿ 108 ಆಂಬುಲೆನ್ಸ್ ಬೇಗನೇ ಬಂತು, ಆದರೆ ಕ್ರಾಸಿನ ಎರಡೂ ಕಡೆ ಕಾರು ನಿಲ್ಲಿಸಿದ್ದರಿಂದ ಮೂಲೆಯಲ್ಲೇ ನಿಂತಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿ, ರಸ್ತೆಯ ಕೊನೆತನಕ ಹೊತ್ತುಕೊಂಡು ಹೋದೆವು. ಅದಕ್ಕೇ ಈಗ ನೆಲಮಹಡಿಯ ರೂಮಿಗೆ ಎರಡು ಸಾವಿರ ಹೆಚ್ಚು ಕೊಡುತ್ತಿದ್ದೇವೆ. ನೀವೂ ನೆಲಮಹಡಿಯನ್ನೇ ಕೇಳಿ. ಆಸ್ಪತ್ರೆಗೆ ಒಯ್ಯಬೇಕಾದರೆ ಜೊತೆಗೆ ಯಾರು ಹೋಗುತ್ತಾರೆ, ನಿಮ್ಮ ತಮ್ಮ ಬರುವ ತನಕ ಅಡ್ವಾನ್ಸ್ ಯಾರು ಕಟ್ಟುತ್ತಾರೆ, ಇದನ್ನು ಬಾಯಿಮಾತಲ್ಲಿ ಬಿಡಬೇಡಿ.

ಅಗ್ರಿಮೆಂಟಿನಲ್ಲಿ ನಾನು ಓದದೇ ಸಹಿ ಹಾಕಿದ್ದ ಸಾಲು ಇದು: ನಡೆದಾಡಲು ಆಗದಿದ್ದರೆ, ಅಥವಾ ಮರೆವಿನಿಂದ ಬೇರೆಯವರಿಗೆ ತೊಂದರೆಯಾದರೆ, ಮನೆಯವರು ಕರೆದುಕೊಂಡು ಹೋಗತಕ್ಕದ್ದು. ಅಂದರೆ ನಿಜವಾಗಿ ಬೇಕಾದಾಗಲೇ ಹೋಮ್ ಇರಲ್ಲ! 'ಇಂಡಿಪೆಂಡೆಂಟ್' ಅಂತ, ಅಂದರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಅಂತ, ಬೋರ್ಡ್ ಇರುವ ಕಡೆ ಇದನ್ನು ತಪ್ಪದೆ ಹುಡುಕಿ. ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ಆರೈಕೆ ಹೆಚ್ಚಾದರೆ ತಿಂಗಳ ಹಣ ಎಷ್ಟು ಏರುತ್ತದೆ, ಇವನ್ನು ಅಂಕಿಯಲ್ಲೇ ಬರೆಸಿಕೊಳ್ಳಿ. ನಮಗೆ ಈಗ ತಿಂಗಳಿಗೆ 44,000 ಬೀಳುತ್ತದೆ. ಡೈಪರ್, ಮಾತ್ರೆ, ಫಿಸಿಯೋ ಸೇರಿಸಿದರೆ ಅರವತ್ತರ ಹತ್ತಿರ.

ಮನೆ ಮಾರಿ ಆ ದುಡ್ಡಿನಲ್ಲಿ ಇಡುವ ಯೋಚನೆ ಇದೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಒಂದು ವರ್ಷ ಮಾರಬೇಡಿ, ತಾಯಿ ಅಲ್ಲಿಗೆ ಒಗ್ಗಿಕೊಂಡ ಮೇಲೆ ಬೇಕಾದರೆ ಬಾಡಿಗೆಗೆ ಕೊಡಿ. ವಾಪಸ್ ಹೋಗಲು ಮನೆ ಇದೆ ಅನ್ನುವುದೇ ಅವರಿಗೆ ಅರ್ಧ ಧೈರ್ಯ. ದಾನಪತ್ರ ಮಾಡಿಸಿಕೊಳ್ಳುವ ಮಾತು ಮನೆಯಲ್ಲಿ ಎದ್ದರೆ, ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ಷರತ್ತು ಮೀರಿದರೆ ಅಂಥ ವರ್ಗಾವಣೆಯನ್ನು ರದ್ದು ಮಾಡಿ ಅಂತ ತಾಯಿ ಎ.ಸಿ. (ಅಸಿಸ್ಟೆಂಟ್ ಕಮಿಷನರ್) ಮುಂದೆ ಹೋಗಬಹುದು. ಇನ್ನೊಂದು, ಪವರ್ ಆಫ್ ಅಟಾರ್ನಿ ಇದೆ ಅಂತ ನಿಶ್ಚಿಂತೆಯಿಂದ ಕೂರಬೇಡಿ. ಕೊಟ್ಟವರಿಗೆ ಬುದ್ಧಿಸ್ಥಿಮಿತ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದು ಬಿದ್ದುಹೋಗುತ್ತದೆ. ಪಿಂಚಣಿ ಖಾತೆಗೆ ನಿಮ್ಮಲ್ಲೊಬ್ಬರ ಹೆಸರು ಸೇರಿಸುವ ಬಗ್ಗೆ ಅವರು ಚೆನ್ನಾಗಿರುವಾಗಲೇ ಬ್ಯಾಂಕಿನಲ್ಲಿ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅನುಮಾನ. ಒಂದು ಸಲ ಬಿದ್ದದ್ದಕ್ಕೇ ಮನೆ ಬಿಡಿಸಬೇಕಾ? ಮೊದಲು ಯಾಕೆ ಬಿದ್ದರು ನೋಡಿ. ಎದ್ದು ನಿಂತಾಗ ಬಿ.ಪಿ. ಇಳಿಯುತ್ತದಾ, ನಿದ್ದೆ ಮಾತ್ರೆ ತಗೊಳ್ಳುತ್ತಾರಾ, ಕಣ್ಣಿನ ಪೊರೆ ಬಂದಿದೆಯಾ. ಬಚ್ಚಲಲ್ಲಿ ಗೋಡೆಗೆ ಸ್ಟೀಲ್ ಹಿಡಿಕೆ, ಜಾರದ ಟೈಲ್ಸ್, ರಾತ್ರಿ ಉರಿಯುವ ಚಿಕ್ಕ ಬಲ್ಬ್, ಹಗಲಿಗೊಬ್ಬಳು ಕೆಲಸದವಳು. ಇದಕ್ಕೆ ಒಂದು ತಿಂಗಳ ಹೋಮಿನ ದುಡ್ಡಿನಷ್ಟೂ ಆಗಲಿಕ್ಕಿಲ್ಲ. ಹಿರಿಯರ ಸಹಾಯವಾಣಿ 14567 ನಂಬರನ್ನು ಅವರ ಫೋನಿನ ಪಕ್ಕ ದಪ್ಪ ಅಕ್ಷರದಲ್ಲಿ ಬರೆದಿಡಿ. ನಾನು ಹೆದರಿ ಒಂದೇ ವಾರದಲ್ಲಿ ತೀರ್ಮಾನ ಮಾಡಿದೆ, ನೀವು ಹಾಗೆ ಮಾಡಬೇಡಿ.

ಹೋಮೇ ಸರಿ ಅನ್ನಿಸಿದರೆ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. 'ಬಚ್ಚಲು ರಿಪೇರಿ ಆಗೋ ತನಕ' ಅಂತ ಸೇರಿಸಿ ಹಾಗೇ ಬಿಟ್ಟುಬಿಟ್ಟವರನ್ನು ನೋಡಿದ್ದೇನೆ; ಆ ಅಜ್ಜಿ ಎರಡು ವರ್ಷವಾದರೂ ಬಂದವರನ್ನೆಲ್ಲ 'ಮೇಸ್ತ್ರಿ ಬಂದಿದ್ನಾ' ಅಂತ ಕೇಳುತ್ತಾರೆ. ಒಂದು ತಿಂಗಳು ಇದ್ದು ನೋಡಿ, ಬೇಡ ಅಂದರೆ ವಾಪಸ್ ಅಂತ ಮಾತು ಕೊಟ್ಟು, ಬೀಗದ ಕೈ ಅವರ ಕೈಗೇ ಕೊಡಿ. ಬಸವನಗುಡಿಗೆ ಬಂದಾಗ ಅಣ್ಣನಿಗೆ ನಾವೂ ಹಾಗೇ ಹೇಳಿದ್ದೆವು. ಮೊದಲ ವಾರ ಪೆಟ್ಟಿಗೆ ಬಿಚ್ಚಲೇ ಇಲ್ಲ. ಪಂಚೆ, ಶರ್ಟು ಎಲ್ಲ ಅದರಿಂದಲೇ ತೆಗೆದು ಅದಕ್ಕೇ ಇಡುತ್ತಿದ್ದರು. 'ತಾತ' ಅಂದರೆ ತಿರುಗಿ ನೋಡುತ್ತಿರಲಿಲ್ಲ, ಅಡುಗೆಯವರಿಗೆ ಹೇಳಿ ಎಲ್ಲರೂ 'ಮೇಷ್ಟ್ರೇ' ಅನ್ನುವ ಹಾಗೆ ಮಾಡಿದೆವು. ಇಪ್ಪತ್ತಾರನೇ ದಿನ ಬೆಳಿಗ್ಗೆ ಫೋನ್ ಮಾಡಿದರು. 'ಇಲ್ಲಿ ಕುರ್ಚಿ ಸರಿಯಿಲ್ಲ. ಮನೆಯಿಂದ ನನ್ನ ಈಸಿಚೇರ್ ತಂದುಹಾಕು' ಅಂದರು.