ಮೆಲ್ಲೊ, ಯೂರೋವಿಷನ್ ಮತ್ತು ನೆರೆಹೊರೆ: ಗೋಥೆನ್‌ಬರ್ಗಿಗೆ ಹೊಸದಾಗಿ ಬಂದವರಿಗೆ ಒಂದು ಉತ್ತರ

ಸ್ವೀಡನ್ನಿನಲ್ಲಿ ಇದು ನಿಮ್ಮ ಮೊದಲ ಚಳಿಗಾಲ. ಫೆಬ್ರುವರಿ ಬಂದದ್ದೇ ತಡ, ಕಚೇರಿಯಲ್ಲಿ ಎಲ್ಲರೂ ‘ಮೆಲ್ಲೊ’ ಎಂಬ ಹಾಡಿನ ಸ್ಪರ್ಧೆಯ ಮಾತೇ ಆಡುತ್ತಿದ್ದಾರೆ ಎಂದು ಬರೆದಿದ್ದೀರಿ. ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆಯಾದ ಯೂರೋವಿಷನ್ನಿನ ಮೇ ತಿಂಗಳ ಫೈನಲ್ ನೋಡಲು ಸಹೋದ್ಯೋಗಿಯೊಬ್ಬರು ಈಗಲೇ ಮನೆಗೆ ಕರೆದಿದ್ದಾರೆ, ಆದರೆ ಯೂಟ್ಯೂಬಿನಲ್ಲಿ ಕಂಡ ನಾಲ್ಕಾರು ಹಾಡುಗಳು ಬರೀ ಬೆಂಕಿ, ಹೊಗೆ, ಥಳಕಿನ ಬಟ್ಟೆ ಎನಿಸಿದವು. ಇದಕ್ಕೆ ಸಮಯ ಕೊಡಬೇಕೇ ಅಥವಾ ಆ ಹೊತ್ತಿನಲ್ಲಿ ಸ್ವೀಡಿಷ್ ಕಲಿಯುವುದು ಲೇಸೇ ಎಂಬುದು ನಿಮ್ಮ ಪ್ರಶ್ನೆ. ಕರೆದವರ ಮನೆಗೆ ಖಂಡಿತ ಹೋಗಿ, ಆದರೆ ಮೇ ತಿಂಗಳವರೆಗೆ ಕಾಯದೆ ಈ ಶನಿವಾರದಿಂದಲೇ ಮೆಲ್ಲೊ ನೋಡತೊಡಗಿ ಎಂಬುದು ನನ್ನ ಉತ್ತರ. ಈ ದೇಶದವರಿಗೆ ಅಕ್ಕಪಕ್ಕದ ದೇಶಗಳ ಮೇಲಿರುವ ಅಕ್ಕರೆ, ಪೈಪೋಟಿ, ಹಳೆಯ ಮುನಿಸು ಎಲ್ಲವೂ ಇಷ್ಟು ಸ್ಪಷ್ಟವಾಗಿ ಕಾಣಸಿಗುವ ಇನ್ನೊಂದು ಸಂದರ್ಭವನ್ನು ನಾನು ಇಲ್ಲಿ ಕಂಡಿಲ್ಲ.

ಯುರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟವು ಯೂರೋವಿಷನ್ ಸ್ಪರ್ಧೆಯನ್ನು 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳೊಂದಿಗೆ ಆರಂಭಿಸಿತು. ಕನ್ನಡದ ಪ್ರದೇಶಗಳು ಒಂದು ರಾಜ್ಯವಾಗಿ ಕೂಡಿದ್ದೂ ಅದೇ ವರ್ಷವಾದ್ದರಿಂದ ಇಸವಿ ನಿಮಗೆ ಸುಲಭವಾಗಿ ನೆನಪಿನಲ್ಲಿ ಉಳಿದೀತು. ನಮ್ಮ ಟಿವಿಯ ಗಾಯನ ಸ್ಪರ್ಧೆಗಳನ್ನು ನೋಡಿ ಬೆಳೆದವರಿಗೆ ಇಲ್ಲಿ ಮೊದಲು ತಿಳಿದಿರಬೇಕಾದದ್ದು, ಇದು ಗಾಯಕರ ಸ್ಪರ್ಧೆಯಲ್ಲ, ಹೊಸದಾಗಿ ರಚಿಸಿದ ಹಾಡುಗಳ ಸ್ಪರ್ಧೆ. ಹಾಡು ಮೂರು ನಿಮಿಷ ಮೀರುವಂತಿಲ್ಲ, ವೇದಿಕೆಯ ಮೇಲೆ ಆರಕ್ಕಿಂತ ಹೆಚ್ಚು ಜನ ಇರುವಂತಿಲ್ಲ, ಮುಖ್ಯ ಗಾಯನ ನೇರವಾಗಿಯೇ ನಡೆಯಬೇಕು, ವಾದ್ಯಗಳು ಮೊದಲೇ ಮುದ್ರಿತವಾಗಿರುತ್ತವೆ. ಶ್ರುತಿ ತಪ್ಪಿತೆಂದು ಎದುರಿಗೆ ಕುಳಿತು ತಿದ್ದುವ ತೀರ್ಪುಗಾರರು ಇಲ್ಲಿಲ್ಲ. ಅವರು ತಂತಮ್ಮ ದೇಶದಲ್ಲಿ ಕುಳಿತು ನಿರ್ಧರಿಸುತ್ತಾರೆ. ನಮಗೆ ಕೇಳಿಸುವುದು ಅವರ ಅಂಕ ಮಾತ್ರ, ಅದಕ್ಕೆ ವೀಕ್ಷಕರ ಮತದ ಅಂಕವೂ ಸೇರುತ್ತದೆ. ನೀವು ನೋಡಿದ ಬೆಂಕಿ, ಹೊಗೆಯೆಲ್ಲ ಆ ಮೂರು ನಿಮಿಷಗಳಲ್ಲಿ ಅಪರಿಚಿತ ದೇಶದ ವೀಕ್ಷಕನೊಬ್ಬನ ಮನಸ್ಸಿನಲ್ಲಿ ಉಳಿಯಲು ಮಾಡುವ ಪ್ರಯತ್ನ.

ಸ್ವೀಡನ್ನಿನ ಹಾಡನ್ನು ಆರಿಸುವ ಸ್ಪರ್ಧೆಯೇ ಮೆಲೊಡಿಫೆಸ್ಟಿವಾಲೆನ್, ಅಂದರೆ ನಿಮ್ಮ ಸಹೋದ್ಯೋಗಿಗಳ ಮೆಲ್ಲೊ. ಶನಿವಾರ ರಾತ್ರಿ ಎಂಟಕ್ಕೆ, ವಾರಕ್ಕೊಂದು ಊರಿನಿಂದ, ಎಸ್‌ವಿಟಿ ವಾಹಿನಿ ಇದನ್ನು ಪ್ರಸಾರ ಮಾಡುತ್ತದೆ. (ನಿಮ್ಮ ತೆರಿಗೆ ಪತ್ರದಲ್ಲಿ ಸಾರ್ವಜನಿಕ ಪ್ರಸಾರದ ಶುಲ್ಕವೆಂದು ಕಾಣುವ ಮೊತ್ತ ಇಂಥ ಕಾರ್ಯಕ್ರಮಗಳಿಗೂ ಹೋಗುತ್ತದೆ, ನೀವೂ ಇದರ ಪಾಲುದಾರರೇ.) ಮತದಾನದ ವ್ಯವಸ್ಥೆ ನನಗೆ ಬಹಳ ಹಿಡಿಸಿದೆ. ಫೋನಿನ ಆ್ಯಪ್‌ನಲ್ಲಿ ಹೃದಯದ ಚಿತ್ರವನ್ನು ಒತ್ತಿ ಮತ ಹಾಕುವವರನ್ನು ವಯಸ್ಸಿನ ಪ್ರಕಾರ ಗುಂಪುಗಳಾಗಿ ವಿಂಗಡಿಸುತ್ತಾರೆ, ಮತ್ತು ಪ್ರತಿ ಗುಂಪಿನ ಅಂಕಕ್ಕೂ ಒಂದೇ ತೂಕವಿರುತ್ತದೆ; ಹೀಗಾಗಿ 3ರಿಂದ 9 ವರ್ಷದ ಮಕ್ಕಳ ಗುಂಪಿಗೂ 75 ದಾಟಿದ ಅಜ್ಜ ಅಜ್ಜಿಯರ ಗುಂಪಿಗೂ ಸಮನಾದ ಮಾತಿದೆ. ಸೋಮವಾರ ಕಾಫಿಯ ಹೊತ್ತಿನಲ್ಲಿ, ಮಿಕ್ಕ ದಿನ ಹವಾಮಾನ ಬಿಟ್ಟು ಬೇರೇನೂ ಮಾತನಾಡದ ಹಿರಿಯ ಸಹೋದ್ಯೋಗಿಯೂ ತನ್ನ ಮೊಮ್ಮಗಳು ಯಾವ ಹಾಡಿಗೆ ಕುಣಿದಳೆಂದು ಹೇಳತೊಡಗುವುದನ್ನು ನೀವೇ ನೋಡುತ್ತೀರಿ.

ನೆರೆಹೊರೆಯ ಮಾತಿಗೆ 2025ರ ಮೆಲ್ಲೊಗಿಂತ ಒಳ್ಳೆಯ ನಿದರ್ಶನ ಸಿಗದು. 2015ರಲ್ಲಿ ಯೂರೋವಿಷನ್ ಗೆದ್ದಿದ್ದ ಮೋನ್ಸ್ ಸೆಲ್ಮರ್‌ಲೋವ್ ಮತ್ತೆ ಕಣಕ್ಕಿಳಿದಿದ್ದರು, ಅವರೇ ಗೆಲ್ಲುತ್ತಾರೆಂದು ಬಹುಮಂದಿ ನಂಬಿದ್ದರು. ಅವರನ್ನು ಸೋಲಿಸಿದ್ದು ಕಾಯ್ ಎಂಬ ಮೂವರ ತಂಡ. ಆ ಮೂವರೂ ಸ್ವೀಡನ್ನಿನವರಲ್ಲ. ಫಿನ್‌ಲೆಂಡಿನ ಪಶ್ಚಿಮ ಕರಾವಳಿ ಪ್ರಾಂತದ ವೋರೊ ಎಂಬ ಸಣ್ಣ ಊರಿನವರು, ಮನೆಮಾತು ಸ್ವೀಡಿಷ್. 1809ರವರೆಗೆ ಫಿನ್‌ಲೆಂಡ್ ಸ್ವೀಡನ್ನಿನ ಭಾಗವಾಗಿತ್ತು. ಇಂದಿಗೂ ಅಲ್ಲಿನ ಜನಸಂಖ್ಯೆಯ ಶೇಕಡಾ 5ರಷ್ಟು ಮಂದಿ ಸ್ವೀಡಿಷ್ ಆಡುತ್ತಾರೆ. ಕಾಸರಗೋಡಿನ ಕನ್ನಡಿಗರ ತಂಡವೊಂದು ತನ್ನ ಊರಿನ ಆಡುನುಡಿಯಲ್ಲೇ ಹಾಡಿ ಬೆಂಗಳೂರಿನಲ್ಲಿ ಗೆದ್ದು, ಕರ್ನಾಟಕದ ಪರವಾಗಿ ಹೊರಗೆ ಹೋದರೆ ನಮಗೆ ಹೇಗನಿಸೀತೋ ಯೋಚಿಸಿ. ಅವರ ಹಾಡು ಸೌನಾದ ಬಿಸಿ ಕೋಣೆಯಲ್ಲಿ ಬೆವರುವ ಸುಖದ ಕುರಿತಾದದ್ದು, ಅಂದರೆ ಫಿನ್‌ಲೆಂಡಿನವರು ತಮ್ಮದೆಂದು ಹೆಮ್ಮೆಪಡುವ ವಿಷಯದ ಕುರಿತಾದದ್ದು. 1998ರ ನಂತರ ಸ್ವೀಡನ್ ಯೂರೋವಿಷನ್ನಿಗೆ ಸ್ವೀಡಿಷ್ ಭಾಷೆಯ ಹಾಡು ಕಳಿಸಿದ್ದು ಅದೇ ಮೊದಲು; ಆ ಭಾಷೆಯನ್ನು ವೇದಿಕೆಗೆ ಮರಳಿ ತಂದವರು ಗಡಿಯಾಚೆಯವರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನಡೆದ ಆ ವರ್ಷದ ಯೂರೋವಿಷನ್ನಿನಲ್ಲಿ ಅವರಿಗೆ ನಾಲ್ಕನೆಯ ಸ್ಥಾನ ಬಂತು, ಆಸ್ಟ್ರಿಯಾ ಗೆದ್ದಿತು. ಆದರೆ ಆ ವಸಂತದಲ್ಲಿ ಇಲ್ಲಿನ ಶಿಶುವಿಹಾರಗಳ ಮಕ್ಕಳ ಬಾಯಲ್ಲಿದ್ದದ್ದು ಸೌನಾದ ಹಾಡೇ. ಸ್ಟಾಕ್‌ಹೋಮಿನ ಸಂಸ್ಕೃತಿಗೆ ಮಾತ್ರ ಬೆಲೆ ಎಂಬ ಹಳೆಯ ಭಾವನೆ ಇಲ್ಲಿ ಎಷ್ಟು ಗಟ್ಟಿಯಾಗಿದೆಯೆಂದು ಬಲ್ಲವರಿಗೆ ಅದು ಸಣ್ಣ ಸಂಗತಿಯಲ್ಲ.

ನಿಮ್ಮ ತಂಡದಲ್ಲಿ ಫಿನ್‌ಲೆಂಡಿನವರೂ ಇದ್ದಾರೆಂದು ಬರೆದಿದ್ದೀರಾದ್ದರಿಂದ 2023ರ ಕಥೆಯೂ ಗೊತ್ತಿರಲಿ. ಬ್ರಿಟನ್ನಿನ ಲಿವರ್‌ಪೂಲ್‌ನಲ್ಲಿ ನಡೆದ ಆ ವರ್ಷದ ಯೂರೋವಿಷನ್ನಿನಲ್ಲಿ ಫಿನ್‌ಲೆಂಡಿನ ಗಾಯಕ ಕ್ಯಾರಿಯಾ ಜನರ ಮತದಲ್ಲಿ 376 ಅಂಕ ಪಡೆದರು, ಸ್ವೀಡನ್ನಿನ ಲೊರೀನ್ ಪಡೆದದ್ದು 243. ಆದರೆ ತೀರ್ಪುಗಾರರು ಲೊರೀನ್‌ಗೆ 340, ಕ್ಯಾರಿಯಾಗೆ 150 ಕೊಟ್ಟಿದ್ದರು. ಒಟ್ಟು 583ಕ್ಕೆ 526ರಂತೆ ಸ್ವೀಡನ್ ಏಳನೆಯ ಬಾರಿ ಗೆದ್ದು ಐರ್ಲೆಂಡಿನ ದಾಖಲೆಯನ್ನು ಸರಿಗಟ್ಟಿತು. 1974ರಲ್ಲಿ ಬ್ರೈಟನ್‌ನಲ್ಲಿ ಆಬ್ಬಾ ತಂಡ ತಂದುಕೊಟ್ಟ ಮೊದಲ ಗೆಲುವಿನಿಂದ ಲೆಕ್ಕ ಹಾಕುತ್ತ ಬಂದವರಿಗೆ ಅದು ದೊಡ್ಡ ಹಬ್ಬ. ಫಿನ್‌ಲೆಂಡಿನವರಿಗೆ ಅದು ಇಂದಿಗೂ ಆರದ ಗಾಯ. ಜನ ಆರಿಸಿದ್ದನ್ನು ತಜ್ಞರು ಕಿತ್ತುಕೊಂಡರು ಎಂಬ ಮಾತನ್ನು ನೀವು ಕೇಳಿಯೇ ಕೇಳುತ್ತೀರಿ. ನನ್ನ ಮಟ್ಟಿಗೆ ಲೊರೀನ್ ಅವರ ಗಾಯನ ಗೆಲುವಿಗೆ ಪೂರ್ತಿ ಯೋಗ್ಯವಾಗಿತ್ತು. ಹಾಗಿದ್ದೂ ಸ್ವೀಡನ್ನಿನ ಜನ ತಮ್ಮ ಅತಿ ಹೆಚ್ಚಿನ 12 ಅಂಕವನ್ನು ಆ ರಾತ್ರಿ ಫಿನ್‌ಲೆಂಡಿಗೇ ಕೊಟ್ಟಿದ್ದರೆಂಬುದನ್ನು ಆ ಮಾತಿನ ನಡುವೆ ಮರೆಯಬಾರದು.

ನೆರೆಯವರು ನೆರೆಯವರಿಗೇ ಅಂಕ ಕೊಟ್ಟುಕೊಳ್ಳುತ್ತಾರೆ, ಇದೊಂದು ಮೋಸ ಎಂದು ಹೇಳುವವರೂ ಸಿಗುತ್ತಾರೆ. ಗ್ರೀಸ್ ಮತ್ತು ಸೈಪ್ರಸ್ ಪರಸ್ಪರ 12 ಅಂಕ ಕೊಟ್ಟುಕೊಳ್ಳುವುದು ಎಷ್ಟು ರೂಢಿಯೆಂದರೆ ಸಭಾಂಗಣದ ಜನ ಅದನ್ನು ಮೊದಲೇ ಊಹಿಸಿ ಕೂಗುತ್ತಾರೆ. ಮೋಸವೆಂಬ ಆರೋಪವನ್ನು ನಾನು ಒಪ್ಪುವುದಿಲ್ಲ. ಭಾಷೆ ಹತ್ತಿರವಿದ್ದರೆ, ಒಂದೇ ಗಾಯಕರ ಹಾಡು ಎರಡೂ ಕಡೆಯ ರೇಡಿಯೊದಲ್ಲಿ ಬರುತ್ತಿದ್ದರೆ ರುಚಿಯೂ ಹತ್ತಿರವಾಗುತ್ತದೆ. ನಾರ್ವೆಯವರು 1978ರಲ್ಲಿ ಮತ್ತು 1981ರಲ್ಲಿ ಒಂದೂ ಅಂಕ ಪಡೆಯದೆ ಕೊನೆಗೆ ನಿಂತಾಗ ನೆರೆಯವರಾರೂ ಅವರನ್ನು ಎತ್ತಿ ಹಿಡಿಯಲಿಲ್ಲವಲ್ಲ! ಅದೇ ನಾರ್ವೆ ಮೊದಲ ಬಾರಿ ಗೆದ್ದದ್ದು 1985ರಲ್ಲಿ, ನಮ್ಮದೇ ಗೋಥೆನ್‌ಬರ್ಗಿನ ಸ್ಕ್ಯಾಂಡಿನೇವಿಯಂ ಸಭಾಂಗಣದಲ್ಲಿ.

ಒಂದು ವಿಷಯದಲ್ಲಿ ಎಚ್ಚರವಿರಲಿ. ಹಾಡಿನಲ್ಲಿ ರಾಜಕೀಯ ಬೇಡವೆಂಬುದು ನಿಯಮ, ಆದರೆ ರಾಜಕೀಯ ಹೊರಗೆ ಉಳಿಯುವುದಿಲ್ಲ. 2022ರಲ್ಲಿ ಯುಕ್ರೇನಿನ ಮೇಲೆ ದಾಳಿಯಾದ ಬೆನ್ನಿಗೆ ರಷ್ಯಾವನ್ನು ಹೊರಗಿಟ್ಟರು, ಆ ವರ್ಷ ಯುಕ್ರೇನ್ ಗೆದ್ದಿತು, ಯುದ್ಧದ ಕಾರಣ ಮುಂದಿನ ಸ್ಪರ್ಧೆಯನ್ನು ಅದರ ಪರವಾಗಿ ಬ್ರಿಟನ್ ನಡೆಸಿಕೊಟ್ಟಿತು. 2024ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ಸ್ಪರ್ಧೆ ನಡೆದಾಗ ಇಸ್ರೇಲಿನ ಭಾಗವಹಿಸುವಿಕೆಯನ್ನು ವಿರೋಧಿಸಿ ಸಾವಿರಾರು ಜನ ಬೀದಿಗಿಳಿದರು. ವರ್ಷಗಟ್ಟಲೆ ಒಟ್ಟಿಗೆ ಕುಳಿತು ನೋಡುತ್ತಿದ್ದ ಸ್ನೇಹಿತರಲ್ಲಿ ಕೆಲವರು ಆ ವರ್ಷ ಟಿವಿ ಹಾಕಲೇ ಇಲ್ಲ. ಅವರ ನಿಲುವನ್ನು ನಾನು ಗೌರವಿಸುತ್ತೇನೆ. ನಿಮ್ಮನ್ನು ಮನೆಗೆ ಕರೆದವರ ಅಭಿಪ್ರಾಯ ಗೊತ್ತಾಗುವವರೆಗೆ ಈ ವಿಷಯವನ್ನು ನೀವಾಗಿ ಎತ್ತದಿರುವುದು ಒಳ್ಳೆಯದು.

ಇನ್ನು ಭಾಷೆಯ ಮಾತು. ಮೆಲ್ಲೊವನ್ನು ಎಸ್‌ವಿಟಿಯ ಆನ್‌ಲೈನ್ ಸೇವೆಯಾದ ಎಸ್‌ವಿಟಿ ಪ್ಲೇಯಲ್ಲಿ ಸ್ವೀಡಿಷ್ ಅಡಿಬರಹ ಹಾಕಿಕೊಂಡು ನೋಡಿದರೆ ನಿರೂಪಕರ ಸರಳ, ದಿನಬಳಕೆಯ ಮಾತು ವಾರದಿಂದ ವಾರಕ್ಕೆ ಕಿವಿಗೆ ಹತ್ತುತ್ತದೆ, ಹಾಗಾಗಿ ಕಲಿಕೆಗೂ ಇದಕ್ಕೂ ಜಗಳವಿಲ್ಲ. ಮೇ ತಿಂಗಳ ಕೂಟದಲ್ಲಿ ಪ್ರತಿಯೊಬ್ಬರ ಕೈಗೂ ಅಂಕಪಟ್ಟಿ ಬರುತ್ತದೆ. ಪ್ರತಿ ಹಾಡಿಗೂ ನಿಮ್ಮ ಅಂಕ ಬರೆದು, ಯಾಕೆಂದು ಒಂದು ಮಾತು ಹೇಳಿ, ತಪ್ಪೇನಿಲ್ಲ. ತಿನ್ನಲು ಏನಾದರೂ ಒಯ್ಯಿರಿ. ನಮ್ಮ ಕೋಡುಬಳೆ ಇಲ್ಲಿನವರಿಗೆ ತುಂಬಾ ಇಷ್ಟವಾಗುತ್ತದೆ. ಸ್ವೀಡನ್ನಿನ ಫೋನಿನಿಂದ ಸ್ವೀಡನ್ನಿಗೆ ಮತ ಹಾಕುವಂತಿಲ್ಲ, ಬೇರೆ ಯಾವ ದೇಶಕ್ಕಾದರೂ ಹಾಕಬಹುದು. ಊರಿನಲ್ಲಿರುವ ತಂಗಿಗೂ ತೋರಿಸಬೇಕೆಂದು ಕೇಳಿದ್ದೀರಿ: ಫೈನಲ್ ಇಲ್ಲಿ ರಾತ್ರಿ 9ಕ್ಕೆ ಆರಂಭವಾದರೆ ಭಾರತದಲ್ಲಿ ನಡುರಾತ್ರಿ ಕಳೆದು 12.30. ಸ್ಪರ್ಧೆಯಲ್ಲಿಲ್ಲದ ದೇಶಗಳವರಿಗೂ 2023ರಿಂದ ಆನ್‌ಲೈನಿನಲ್ಲಿ ಕಾರ್ಡಿನ ಮೂಲಕ ಹಣ ಪಾವತಿಸಿ ಮತ ಹಾಕಲು ಅವಕಾಶವಿದೆ, ಅವರೆಲ್ಲರ ಮತವನ್ನು ಕೂಡಿಸಿ ಒಂದು ದೇಶದ ಮತವೆಂದು ಎಣಿಸುತ್ತಾರೆ. ನಿಮ್ಮ ತಂಗಿ ಮೈಸೂರಿನಿಂದಲೇ, ನೀವು ಇಲ್ಲಿಂದ ಹಾಕಲಾಗದ ಸ್ವೀಡನ್ನಿಗೆ ಮತ ಹಾಕಬಹುದು.