ಓದುಗರ ಪ್ರಶ್ನೆ: ಗಡಿ ದಾಟಿದ ಸೋಂಟೆ

ಪ್ರಶ್ನೆ: ಮನೆಯಲ್ಲೇ ಹಲಸಿನ ಸೋಂಟೆ (ಚಿಪ್ಸ್), ಹಪ್ಪಳ ಮಾಡಿ ಮಾರುತ್ತಿದ್ದೇನೆ. ಒಂದು ಶೆಡ್ ಹಾಕಿ ಇಬ್ಬರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಆಸೆ. ಗಿರಾಕಿಗಳು ಜಾಸ್ತಿ ಗಡಿಯಾಚೆ ಕರ್ನಾಟಕದ ಪುತ್ತೂರಿನಲ್ಲಿ. ಕೇರಳದಲ್ಲಿ ಲೈಸೆನ್ಸಿಗೆ ಅಲೆದು ಸಾಕಾಗುತ್ತದೆ, ಪುತ್ತೂರಿನ ಭಾವನ ವಿಳಾಸ ಕೊಡು ಅನ್ನುತ್ತಾರೆ. ಏನು ಮಾಡಲಿ?
- ಓದುಗರೊಬ್ಬರು, ಬದಿಯಡ್ಕ (ಕಾಸರಗೋಡು ಜಿಲ್ಲೆ)

ಉತ್ತರ: ಭಾವನನ್ನು ಸುಮ್ನೆ ಸಿಕ್ಕಿಸಬೇಡಿ. ಬಾಣಲೆ ಎಲ್ಲಿದೆಯೋ ಕಾನೂನೂ ಅಲ್ಲಿಯದೇ. ಅಲೆದಾಟದ ಮಾತು ಸುಳ್ಳಲ್ಲ, ಆದರೆ ಸ್ವಲ್ಪ ಹಳತು. 2019ರಲ್ಲಿ ಕೇರಳ ಸರಕಾರ ಸಣ್ಣ ಉದ್ದಿಮೆಗಳಿಗೆಂದೇ ಒಂದು ಕಾನೂನು ತಂದಿತು. ಕೇರಳದ ಏಕಗವಾಕ್ಷಿ ಪೋರ್ಟಲ್ ಕೆ-ಸ್ವಿಫ್ಟ್‌ನಲ್ಲಿ ಸ್ವಯಂ ಘೋಷಣೆ ಕೊಟ್ಟರೆ ಸ್ವೀಕೃತಿ ಪತ್ರ ಸಿಗುತ್ತದೆ, ಅದನ್ನು ಇಟ್ಟುಕೊಂಡು ಪಂಚಾಯತ್ ಲೈಸೆನ್ಸಿಗೆ ಕಾಯದೆ 3 ವರ್ಷ ಕೆಲಸ ನಡೆಸಬಹುದು, ಆಮೇಲೆ ಎಲ್ಲ ಕಾಗದ ಸರಿಮಾಡಿಕೊಳ್ಳಬೇಕು. ಆಹಾರ ಸುರಕ್ಷತೆಯ ನೋಂದಣಿ ಮಾತ್ರ ಕೇಂದ್ರದ್ದು, ಅದು ಮೊದಲೇ ಬೇಕು.

ನಿಜವಾದ ತೊಡಕು ಬೇರೆಯೇ ಇದೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಸೋಂಟೆಗೆ ಇದೆ. ಕೇರಳದೊಳಗೇ ಮಾರಿದರೆ ನಿಮ್ಮಷ್ಟು ಸಣ್ಣ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಬೇಡ. ತೆರಿಗೆ ಇರುವ ಮಾಲು ಬೇರೆ ರಾಜ್ಯಕ್ಕೆ ಹೋದರೆ ಮೊದಲ ಪ್ಯಾಕೆಟ್ಟಿನಿಂದಲೇ ಬೇಕು. ಅಂದರೆ ತಿರುವನಂತಪುರಕ್ಕೆ ಕಳಿಸಿದರೂ ಬೇಡದ್ದು, ಗಡಿಯ ಅಡ್ಕಸ್ಥಳ ದಾಟಿ ಕರ್ನಾಟಕದ ಸಾರಡ್ಕಕ್ಕೆ ಬಂದ ಕೂಡಲೇ ಬೇಕು! ಕರಿಯೋದು ನೀವು, ರಾಜ್ಯದ ಪಾಲಿನ ತೆರಿಗೆ ಹೋಗೋದು ತಿನ್ನುವವರ ರಾಜ್ಯಕ್ಕೆ.

ನಾನಾದರೆ ಪುತ್ತೂರಿಗೆ ಮೊದಲು ಹಪ್ಪಳ ಮಾತ್ರ ಕಳಿಸುತ್ತೇನೆ, ಸೋಂಟೆ ಕಾಸರಗೋಡು ಪೇಟೆಯಲ್ಲೇ ಓಡಲಿ. ತಿಂಗಳ ಲೆಕ್ಕ ಬರೆಯಲು ಒಬ್ಬರು ಸಿಕ್ಕ ಮೇಲೆ ಜಿಎಸ್‌ಟಿ ಮಾಡಿಸಿ.

ಪ್ರಶ್ನೆ: ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಪೆಟ್ರೋಲ್ ಹಾಕಿಸುವುದು ಲಾಭವಾ?
- ಇನ್ನೊಬ್ಬರು, ಹೊಸಂಗಡಿ (ಕಾಸರಗೋಡು ಜಿಲ್ಲೆ)

ಉತ್ತರ: ಪೆಟ್ರೋಲಿಗೆ ಜಿಎಸ್‌ಟಿ ಇಲ್ಲ, ಆಯಾ ರಾಜ್ಯ ಬೇಕಾದಷ್ಟು ತೆರಿಗೆ ಹಾಕುತ್ತದೆ. ಕೇರಳ 2023ರ ಏಪ್ರಿಲ್‌ನಿಂದ ಕ್ಷೇಮ ಪಿಂಚಣಿಗೆಂದು ಲೀಟರಿಗೆ 2 ರೂಪಾಯಿ ಸೆಸ್ ಸೇರಿಸಿತು. 2024ರ ಜೂನ್‌ನಲ್ಲಿ ಕರ್ನಾಟಕವೂ ಸುಮಾರು 3 ರೂಪಾಯಿ ಏರಿಸಿತು, ಅಂತರ ಕಡಿಮೆಯಾಯಿತು. ಮಂಗಳೂರಿಗೆ ಹೇಗೂ ಹೋಗುವವರಾದರೆ ಅಲ್ಲೇ ಹಾಕಿಸಿ. ಅದಕ್ಕೆಂದೇ ಸ್ಕೂಟರ್ ಹೊರಡಿಸಬೇಡಿ, ಉಳಿದದ್ದು ದಾರಿಯಲ್ಲಿ ಚಾ ಕುಡಿಯಲೂ ಸಾಲದು.