ಪ್ರತಿಕ್ರಿಯೆ: ಪದವಿಯಲ್ಲೇ ತೌಲನಿಕ ಸಾಹಿತ್ಯ ಓದಬಹುದೇ?

ಪಿಯುಸಿ ಮುಗಿಸಿದ ಮಗಳು ತೌಲನಿಕ ಸಾಹಿತ್ಯವನ್ನೇ (ಬೇರೆ ಬೇರೆ ಭಾಷೆಗಳ ಸಾಹಿತ್ಯವನ್ನು ಹೋಲಿಸಿ ನೋಡುವ ವಿಷಯ) ಓದುತ್ತೇನೆಂದು ಹಠ ಹಿಡಿದಿದ್ದಾಳೆ, ಇಂಗ್ಲಿಷ್ ಆನರ್ಸ್ ಸಾಲದೇ ಎಂದು ಕೇಳಿದ್ದೀರಿ. ಹಠ ಒಳ್ಳೆಯದೇ.

ನಮ್ಮ ದೇಶದಲ್ಲಿ ಈ ವಿಷಯ ಹೆಚ್ಚಾಗಿ ಸಿಗುವುದು ಎಂಎ ಮಟ್ಟದಲ್ಲಿ; ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ಕೇಂದ್ರವಿದೆ. ಪದವಿಯಲ್ಲೇ ಬೇಕೆಂದರೆ ಮೊದಲು ನೋಡಬೇಕಾದದ್ದು ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯ. ಕವಿ ಬುದ್ಧದೇವ ಬಸು 1956ರಲ್ಲಿ ಅಲ್ಲಿ ಈ ವಿಭಾಗವನ್ನು ಕಟ್ಟಿದರು. ಪ್ರವೇಶದ ನಿಯಮಗಳಿಗೆ ಈ ವರ್ಷದ ಅಧಿಸೂಚನೆಯನ್ನೇ ನೋಡಿ, ಹಳೆಯ ಮಾಹಿತಿ ನಂಬಬೇಡಿ.

ಇಂಗ್ಲಿಷ್ ಆನರ್ಸ್‌ಗೂ ಇದಕ್ಕೂ ಇರುವ ಅಂತರಕ್ಕೆ ನಮ್ಮದೇ ಉದಾಹರಣೆ ಕೊಡುತ್ತೇನೆ. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ನಾಟಕಕ್ಕೆ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಅಜಾಕ್ಸ್’ ಮಾದರಿ. ಅಲ್ಲಿ ಹುಚ್ಚು ಕವಿದ ವೀರ ಶತ್ರುಗಳೆಂದು ಭ್ರಮಿಸಿ ದನಗಳನ್ನು ಕಡಿಯುತ್ತಾನೆ, ಕೊನೆಗೆ ತನ್ನ ಕತ್ತಿಗೆ ತಾನೇ ಬೀಳುತ್ತಾನೆ. ಇತ್ತ ಅಶ್ವತ್ಥಾಮನೋ, ನಮ್ಮ ಪರಂಪರೆಯಲ್ಲಿ ಚಿರಂಜೀವಿ! ಸಾಯಲಾರದವನನ್ನು ಗ್ರೀಕ್ ದುರಂತದ ಚೌಕಟ್ಟಿಗೆ ತಂದರೆ ಪಾಪ, ಶಾಪ, ವಿಧಿ ಎಲ್ಲದರ ತೂಕವೂ ಬದಲಾಗುತ್ತದೆ. ಯಾರು ಯಾರಿಂದ ತೆಗೆದುಕೊಂಡರು ಎಂಬ ಲೆಕ್ಕ ಈ ಓದಿನಲ್ಲಿ ಸಣ್ಣದು. ತೆಗೆದುಕೊಂಡದ್ದು ಇಲ್ಲಿಗೆ ಬಂದು ಏನಾಯಿತು ಎಂಬುದೇ ಮುಖ್ಯ.

ಕನ್ನಡವನ್ನು ಸಲೀಸಾಗಿ ಓದುವ ಹುಡುಗಿಗೆ ಅದೇ ದೊಡ್ಡ ಬಂಡವಾಳ. ಇನ್ನೊಂದು ಭಾಷೆಯನ್ನಂತೂ ಗಟ್ಟಿಯಾಗಿ ಕಲಿಯಲೇಬೇಕು. ಬರೀ ಅನುವಾದ ನೆಚ್ಚಿಕೊಂಡರೆ ಓದು ಸೊರಗುತ್ತದೆ. ಉದ್ಯೋಗ? ಬೋಧನೆ, ಪ್ರಕಾಶನ, ಅನುವಾದ, ಪತ್ರಿಕೋದ್ಯಮ. ಇಂಗ್ಲಿಷ್ ಪದವಿಗಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೋಲ್ಕತ್ತ ದೂರವಾದರೆ ಇಲ್ಲೇ ಕನ್ನಡ, ಇಂಗ್ಲಿಷ್ ಎರಡನ್ನೂ ಐಚ್ಛಿಕವಾಗಿ ಕೊಡುವ ಕಾಲೇಜಿಗೆ ಸೇರಿಸಿ, ಎಂಎಗೆ ಹೈದರಾಬಾದಿಗೆ ಕಳುಹಿಸಿ.